ಖಾಲಿ ಹಾಳೆಗೂ ಶಭಾಷ್

ವಿಡಿಯೋ ಪಾಠಗಳನ್ನು ಮಂಜೂರು ಮಾಡಿದ ಮಾನ್ಯರೇ,

ಮಕ್ಕಳ ಬರವಣಿಗೆ ಸುಧಾರಿಸಲೆಂದು ನಮ್ಮ ಶಾಲೆಗೆ ಆನ್‌ಲೈನ್ ಪಾಠ ಕೊಟ್ಟಿರಿ, ಬರೆದದ್ದನ್ನು ಓದುತ್ತಿದ್ದ ಒಬ್ಬರೇ ಕನ್ನಡ ಮಾಸ್ತರರನ್ನು ಕಿತ್ತುಕೊಂಡಿರಿ. ಪಾಠ ಪರದೆಯ ಮೇಲೆ ಬರುವುದರಿಂದ ಭೀಮಸಿ ಮಾಸ್ತರರು 'ಹೆಚ್ಚುವರಿ'ಯಂತೆ. ಅವರನ್ನು ಅಥಣಿ ಕಡೆಗೆ ಕಳಿಸಿ ವರ್ಷವಾಯಿತು. ಏಳನೆಯ ತರಗತಿಯ ನನ್ನ ಮಗಳು ಮಯೂರಿ ಈಗ ಬರೆಯುವುದನ್ನೇ ಬಿಟ್ಟಿದ್ದಾಳೆ. ಇದು ನಿಮ್ಮ ಯಾವ ಪ್ರಗತಿ ವರದಿಯಲ್ಲಿ ಬರುತ್ತದೆ?

ಮಾಸ್ತರರು ಹೇಗೆ ಕಲಿಸುತ್ತಿದ್ದರು, ಕೇಳಿ. ಮಯೂರಿ ಒಮ್ಮೆ 'ನಮ್ಮ ಎಮ್ಮೆ ಬಹಳ ಒಳ್ಳೆಯದು' ಎಂದು ಬರೆದಿದ್ದಳು. ಅವರು ಪಕ್ಕದಲ್ಲಿ ಕೆಂಪು ಶಾಯಿಯಿಂದ, 'ಒದೆಯುವುದಿಲ್ಲವೇ?' ಎಂದು ಕೇಳಿದ್ದರು. ಹುಡುಗಿ ಸಂಜೆಯೆಲ್ಲ ಕೊಟ್ಟಿಗೆಯಲ್ಲಿ ಕುಳಿತು ಎಮ್ಮೆಯನ್ನೇ ನೋಡಿದಳು. ಅದು ಹಾಲು ಹಿಂಡುವ ಅವ್ವನನ್ನು ಬಿಟ್ಟು ಉಳಿದವರನ್ನೆಲ್ಲ ಒದೆಯುತ್ತದೆಂದು ಎರಡು ಪುಟ ಬರೆದಳು. ಒದೆ ತಿಂದವರಲ್ಲಿ ನಾನೂ ಇದ್ದೆ. ಓದಿ ನನಗೆ ಹೆಮ್ಮೆಯಾಯಿತು.

ನಿಮ್ಮ ವಿಡಿಯೋದಲ್ಲಿ ಕಲಿಸುವ ಶಿಕ್ಷಕಿ, ಮಕ್ಕಳು ಕರೆಯುವಂತೆ 'ಬಾಯಾರು', ಅವರ ಮೇಲೆ ನನಗೆ ಸಿಟ್ಟಿಲ್ಲ. ಪೀಠಿಕೆ, ಉಪಸಂಹಾರ ಎಲ್ಲವನ್ನೂ ಚೆಂದವಾಗಿ ಹೇಳುತ್ತಾರೆ. ಕೊನೆಗೆ 'ಈಗ ನೀವು ಬರೆಯಿರಿ' ಎಂದು ಸ್ವಲ್ಪ ಹೊತ್ತು ಸಂಗೀತ ಹಾಕಿ, 'ಶಭಾಷ್, ತುಂಬಾ ಚೆನ್ನಾಗಿ ಬರೆದಿದ್ದೀರಿ' ಎಂದು ನಗುತ್ತಾರೆ. ಮೊದಲ ದಿನ ಮಕ್ಕಳು ರೂಢಿಯಂತೆ ಸಾಲುಗಟ್ಟಿ ಎದ್ದು, ಪರದೆಯ ಮುಂದೆ ಬರೆದ ಪಟ್ಟಿ ಪುಸ್ತಕ ಹಿಡಿದು ನಿಂತರಂತೆ. ಮಯೂರಿ ಅರ್ಧ ಪುಟ ಬರೆದು ಹಿಡಿದಳು, ಶಭಾಷ್. ಮರುದಿನ ಖಾಲಿ ಹಾಳೆ ಹಿಡಿದಳು, ಅದಕ್ಕೂ ಶಭಾಷ್.

"ಬರೀಲಿಲ್ಲಂದ್ರೂ ಬಾಯಾರು ಶಭಾಷ್ ಅಂತಾರ ಪಪ್ಪಾ. ಮತ್ಯಾಕ ಬರೀಬೇಕು?" ಎಂದಳು. ನಾನು ತಿದ್ದುತ್ತೇನೆ ಎಂದರೆ, "ನೀ ಮನ್ಯಾಂವ. ನೀ ನೋಡಿದ್ರ ಅದು ಸಾಲಿ ಆಗೂದಿಲ್ಲ" ಎಂದು ಪಟ್ಟಿ ಮುಚ್ಚಿದಳು. ಮುಖ್ಯಾಧ್ಯಾಪಕರನ್ನು ಕೇಳಿದೆ. "ಹುಡುಗ್ರು ಪಾಠ ನೋಡ್ಯಾರ ಅಂತ ವರದಿ ಹೋದ್ರ ಆತ್ರಿ. ಬರದಾರೋ ಇಲ್ಲೋ ಅಂತ ಮ್ಯಾಲಿನವರು ಕೇಳಿಲ್ರಿ" ಎಂದರು. ಪಾಪ, ಸುಳ್ಳಾಡುವ ಮನುಷ್ಯರಲ್ಲ.

ಹೋದ ತಿಂಗಳು ನಿಮ್ಮ ಜಾಲತಾಣದಲ್ಲಿ ದೂರು ಕೊಡಲು ಕುಳಿತೆ. ಒಂದಕ್ಷರ ಬರೆಯುವ ಮೊದಲೇ ಬೆರಳು ತಾಗಿ ಖಾಲಿ ದೂರು ಹೋಗಿಬಿಟ್ಟಿತು. ಕೂಡಲೇ ಮೊಬೈಲಿಗೆ ಉತ್ತರ ಬಂತು: 'ನಿಮ್ಮ ಅಮೂಲ್ಯ ಸಲಹೆಗೆ ಧನ್ಯವಾದಗಳು.' ಪಕ್ಕದಲ್ಲಿದ್ದ ಮಯೂರಿ ಇಣುಕಿ ನೋಡಿ, "ನಿನಗೂ ಶಭಾಷ್ ಅಂದ್ಬಿಟ್ರೇನ ಪಪ್ಪಾ?" ಎಂದಳು. ನನಗೆ ಬಹಳ ನಾಚಿಕೆಯಾಯಿತು, ಮಾನ್ಯರೇ. ನಿಮಗೆ ಆಗಬೇಕಾದದ್ದೂ ನನಗೇ ಆಯಿತು.

ಭೀಮಸಿ ಮಾಸ್ತರರನ್ನು ನಮಗೆ ಮರಳಿ ಕೊಡಿ. ಕೊಡುವುದಿಲ್ಲವೆಂದು ಗೊತ್ತಿದೆ. ಹಾಗಿದ್ದರೆ ಈ ಪತ್ರದಲ್ಲಿ ಒಂದೇ ಒಂದು ತಪ್ಪಿಗೆ ಕೆಂಪು ಗೆರೆ ಎಳೆದು ವಾಪಸ್ ಕಳಿಸಿ. ಬರೆದದ್ದನ್ನು ಓದುವವರು ಇನ್ನೂ ಇದ್ದಾರೆಂದು ಮಗಳಿಗೆ ತೋರಿಸುತ್ತೇನೆ. ಧನ್ಯವಾದ ಮಾತ್ರ ಕಳಿಸಬೇಡಿ. ಅದು ಒಮ್ಮೆ ಬಂದಿದೆ.

ಇಂತಿ,
ಈ ಸಲ ಹಾಳೆ ತುಂಬ ಬರೆದ,
ಮಯೂರಿಯ ತಂದೆ ಆಬಾಸಾಹೇಬ
ಚಿಕ್ಕೋಡಿ ಸೀಮೆ