ಖಾಲಿ ಲಾರಿಯ ಎರಡು ಹಾರ್ನು

ಉಯೋಲೆ
ಮಂಗಳವಾರ, ೧೪ ಜುಲೈ ೧೯೯೮

ನನ್ನ ಪ್ರೀತಿಯ ತುಸಾಳ ಅಪ್ಪನಿಗೆ,

ಹೇಗಿದ್ದೀರಿ? ಸೊಂಟದ ನೋವು ಹೇಗಿದೆ? ಅಲ್ಲಿ ಗಡಿಯಾಚೆ ಎಂಡೋಲಾದಲ್ಲಿ ಈ ಜುಲೈ ಚಳಿ ಎಷ್ಟೋ ಗೊತ್ತಿಲ್ಲ, ಇಲ್ಲಂತೂ ಬೆಳಗ್ಗೆ ಬಕೆಟ್ಟಿನ ನೀರಿಗೆ ಕೈ ಹಾಕೋಕೆ ಆಗಲ್ಲ. ನಾನು ಹೆಣೆದುಕೊಟ್ಟ ಸ್ವೆಟರ್ ಮೈಮೇಲೆ ಹಾಕ್ಕೊಳ್ಳೋದಕ್ಕೆ ಸ್ವಾಮಿ, ಮಡಚಿ ಸೀಟಿನ ಮೇಲಿಟ್ಟು ಅದರ ಮೇಲೆ ಕೂರೋದಕ್ಕಲ್ಲ. ತುಸಾ ಚೆನ್ನಾಗಿದ್ದಾಳೆ. ಮುಂದಿನ ಎರಡು ಹಲ್ಲು ಬಿದ್ದಿವೆ, ಆದರೂ ಬಾಯಿ ಮಾತ್ರ ಕಮ್ಮಿಯಾಗಿಲ್ಲ. ನಾನೂ ಚೆನ್ನಾಗಿದ್ದೀನಿ. ಹೊಟ್ಟೆ ಮಾತ್ರ ಹೇಳೋ ಹಾಗಿಲ್ಲ, ನಾನು ಬಾಗಿಲು ದಾಟೋ ಮುಂಚೆ ಅದು ದಾಟಿ ಅಂಗಳದಲ್ಲಿರುತ್ತೆ. ಸಂತೆಯಲ್ಲಿ ನನ್ನ ಪಕ್ಕ ಆಲೂಗಡ್ಡೆ ಮಾರೋಳು, "ಅಟುಪೆಲೆ, ಒಳಗೆ ಒಂದು ಮೂಟೆ ಬಚ್ಚಿಟ್ಟಿದ್ದೀಯೇನೆ?" ಅಂತ ದಿನಾ ಕೇಳ್ತಾಳೆ. ಅವಳ ಬಾಯಿಗೆ ಮಣ್ಣು ಬೀಳ!

ಈ ಕಾಗದ ತರ್ತಿರೋದು ನಿಮ್ಮ ಗೆಳೆಯ ಅಂಬಾಕಿಸ್ಯೆ, ಅವನ ಲಾರಿ ಇವತ್ತು ಅಲ್ಲಿಗೇ ಹೊರಟಿದೆ. ನೀವು ವಾಪಸ್ ಬರುವಾಗಿನ ಲೋಡಿಗೆ ಅಂತ ಗಣಿ ಗೇಟಿನ ಮುಂದೆ ಹನ್ನೆರಡು ದಿನದಿಂದ ಲಾರಿ ಕೆಳಗೆ ಚಾಪೆ ಹಾಸ್ಕೊಂಡು ಬಿದ್ದಿದ್ದೀರಂತೆ, "ತಾಮ್ರ ತುಂಬದೆ ಕದಲಲ್ಲ" ಅಂತೀರಂತೆ. ಯಾಕೆ ಅಂತ ನನಗೆ ಗೊತ್ತಿಲ್ವಾ? ಹೋಗುವಾಗಿನ ಸಂಬಳ ಪೂರ್ತಿ, ಬರುವಾಗ ಲಾರಿ ತುಂಬಿದ್ರೆ ಮತ್ತೆ ಪೂರ್ತಿ, ಖಾಲಿ ಬಂದ್ರೆ ಬರೀ ಕಾಲು ಭಾಗ. ಇದೇ ಕಾಲು ಭಾಗಕ್ಕೆ ಹೆದರಿ ತಾನೆ ತುಸಾ ಹುಟ್ಟಿದಾಗ್ಲೂ ನೀವು ಅಲ್ಲೇ ಕೂತಿದ್ದು? ನೀವು ಬಂದಾಗ ಅವಳಿಗೆ ನಲವತ್ತು ದಿನ. ನಿಮ್ಮ ಮೀಸೆ ನೋಡಿ ಕಿಟಾರನೆ ಕಿರುಚಿದಳು. ನೀವು ಹಿತ್ತಲಿಗೆ ಹೋಗಿ ಕಣ್ಣು ಒರೆಸ್ಕೊಂಡಿದ್ದು ನಾನು ನೋಡಲಿಲ್ಲ ಅಂದ್ಕೊಂಡಿದ್ದೀರಿ. ನೋಡಿದೆ. "ಇನ್ನೊಂದು ಮಗು ಆದ್ರೆ ಮೊದಲು ಎತ್ತಿಕೊಳ್ಳೋನು ನಾನೇ" ಅಂದಿದ್ರಿ. ಆ ಮಾತು ನಾನು ಮರೆತಿಲ್ಲ.

ಮತ್ತೆ ಈಸ್ಟರ್ ಹಬ್ಬದ ಕಥೆ. ಅದನ್ನಂತೂ ಈ ಊರೇ ಮರೆಯಲ್ಲ. ನಮ್ಮ ಲಾರಿಗಳು ಪೆಟ್ರೋಲ್ ಬಂಕಿನ ತಿರುವಲ್ಲಿ ತುಂಬಿ ಬಂದ್ರೆ ಎರಡು ಉದ್ದ ಹಾರ್ನು, ಖಾಲಿ ಬಂದ್ರೆ ಒಂದು ಮೋಟು ಹಾರ್ನು. ಅದನ್ನು ಕೇಳಿ ತಾನೆ ನಾವು ಹೆಂಗಸರು ಒಲೆ ಮೇಲೆ ಮಾಂಸ ಇಡಬೇಕೋ ಹುರುಳಿಕಾಯಿ ಕಾಳು ಇಡಬೇಕೋ ಅಂತ ತೀರ್ಮಾನ ಮಾಡೋದು? ಅವತ್ತು ನೀವು ಖಾಲಿ ಬಂದು, ನಾಲ್ಕು ಜನರ ಮುಂದೆ ನಾಚಿಕೆಯಾಗಿ, ಎರಡು ಸಲ ಬಾರಿಸಿಬಿಟ್ಟಿರಿ! ನಾನು ಮೊಟ್ಟೆ ಇಡೋ ಕೋಳಿ ಕುಯ್ದು, ನಿಮ್ಮ ಅಣ್ಣನ ಮನೆಯವರನ್ನೆಲ್ಲ ಊಟಕ್ಕೆ ಕರೆದು ಕೂತಿದ್ದೆ. ನೀವು ತಲೆ ತಗ್ಗಿಸ್ಕೊಂಡು ಬಂದು ಚಪ್ಪಲಿ ಬಿಟ್ಟ ರೀತಿಯಲ್ಲೇ ಎಲ್ಲಾ ಗೊತ್ತಾಯ್ತು. ಆಮೇಲೆ ತಿಂಗಳು ಪೂರ್ತಿ ಕೋಳಿಯೂ ಇಲ್ಲ ಮೊಟ್ಟೆಯೂ ಇಲ್ಲ, ಬರೀ ಉಗಾಲಿ ಮುದ್ದೆ ಮತ್ತು ಸೊಪ್ಪು. ಈಗ ನೆನೆಸ್ಕೊಂಡ್ರೆ ನಗು ಬರುತ್ತೆ, ಅವತ್ತು ಬಂದಿರಲಿಲ್ಲ.

ಈಗ ಸುದ್ದಿಗೆ ಬರ್ತೀನಿ, ಬೈಬೇಡಿ. ಹೋದ ಶುಕ್ರವಾರ ನಾವು ಡ್ರೈವರ್‌ಗಳ ಹೆಂಡತಿಯರು ಒಂಬತ್ತು ಜನ ನಿಮ್ಮ ಸಾಹುಕಾರ ಮ್ವಾಸುಂಬಿಯವರ ಮನೆಗೇ ಹೋದ್ವಿ. ಆಫೀಸಿಗೆ ಹೋದ್ರೆ ಗುಮಾಸ್ತ ಬಾಗಿಲಲ್ಲೇ ಸಾಗಹಾಕ್ತಾನೆ. ಸಾಹುಕಾರರು ಟೀ ಕೊಟ್ರು, ಕೂರಿಸಿದ್ರು, ಮರ್ಯಾದೆಗೇನೂ ಕಮ್ಮಿ ಮಾಡಲಿಲ್ಲ. ಆದರೆ ಮಾತು ಹಳೇದೇ. "ಖಾಲಿ ಲಾರಿಗೆ ನನಗೆ ಯಾರಮ್ಮ ಬಾಡಿಗೆ ಕೊಡ್ತಾರೆ? ಹಗುರವಾದ ಲಾರಿ ಓಡಿಸೋದೇನು ಕಷ್ಟ?" ಅಂದ್ರು. ನನಗೆ ಎಲ್ಲಿತ್ತೋ ಧೈರ್ಯ, "ಸಾಹುಕಾರ್ರೇ, ಲಾರಿ ಹಗುರ ಅಂತ ರಸ್ತೆ ಗಿಡ್ಡ ಆಗುತ್ತಾ?" ಅಂದೆ. ಅಂದಮೇಲೆ ಹೆದರಿಕೆಯಾಯ್ತು ಕಣ್ರೀ, ನಿಮ್ಮ ಕೆಲಸಕ್ಕೇ ಕಲ್ಲು ಹಾಕಿದೆನಾ ಅಂತ.

ಮೂಲೆಯಲ್ಲಿ ಅವರ ತಾಯಿ, ಊರಿಗೇ ಅಜ್ಜಿಯಾದ ಆ ಬೀಬಿ ತುಪೋಕಿ, ಬಾಳೆಕಾಯಿ ಸಿಪ್ಪೆ ಸುಲೀತಾ ಕೂತಿದ್ರು. ಎಂಬತ್ತು ದಾಟಿದವರು, ಕಿವಿ ಕೇಳಿಸಲ್ಲ ಅಂತ ನಾವೆಲ್ಲ ಅಂದ್ಕೊಂಡಿದ್ವಿ. ಚಾಕು ಕೆಳಗಿಟ್ಟು ಶುರು ಮಾಡಿದ್ರು ನೋಡಿ! "ಲೋ ಮಗನೇ, ನಿನ್ನನ್ನ ಬೆನ್ನಿಗೆ ಕಟ್ಕೊಂಡು, ತಲೆ ಮೇಲೆ ಬಾಳೆಗೊನೆ ಹೊತ್ಕೊಂಡು ಟುಕುಯು ಸಂತೆಗೆ ಹೋಗ್ತಿದ್ದೆ. ವಾಪಸ್ ಬರುವಾಗ ಬುಟ್ಟಿ ಖಾಲಿ. ಖಾಲಿ ಅಂತ ಆ ಗುಡ್ಡ ಏನಾದ್ರೂ ಬಗ್ಗಿ ನನಗೆ ದಾರಿ ಬಿಡ್ತೇನೋ? ಬುಟ್ಟಿ ತುಂಬಲಿ ಅಂತ ನಾನು ಸಂತೇಲೇ ಕೂತಿದ್ರೆ ನೀನು ಹಾಲಿಲ್ಲದೆ ಸಾಯ್ತಿದ್ದೆ. ನಿನ್ನ ಲಾರಿ ಅಲ್ಲಿ ಎರಡು ವಾರ ಗೊರಕೆ ಹೊಡೀತಿದ್ರೆ ದಾರ್ ಬಂದರಿನಿಂದ ಗೊಬ್ಬರ ಯಾರು ತರ್ತಾರೋ, ನಿಮ್ಮಪ್ಪ ಎದ್ದು ಬರ್ತಾನಾ?" ಅಷ್ಟು ದೊಡ್ಡ ಮನುಷ್ಯ, ಹದಿನಾಲ್ಕು ಲಾರಿ ಒಡೆಯ, ಬೈಸ್ಕೊಂಡ ಹುಡುಗನ ಹಾಗೆ ಟೀ ಲೋಟದೊಳಗೆ ನೋಡ್ತಾ ಕೂತ್ರು. ನಗು ತಡೆಯೋಕೆ ನಾನು ಕಾಂಗಾದ ಸೆರಗು ಬಾಯಿಗೆ ತುರುಕ್ಕೊಂಡೆ.

ನಿನ್ನೆ ಆಫೀಸಿನ ಗೋಡೆಗೆ ಕಾಗದ ಅಂಟಿಸಿದ್ದಾರೆ. ಇನ್ನು ಮೇಲೆ ಹೋಗೋದಕ್ಕೂ ಬರೋದಕ್ಕೂ ಸಮ ಸಂಬಳ. ವಾಪಸ್ ತುಂಬಿ ಬಂದ್ರೂ ಖಾಲಿ ಬಂದ್ರೂ ಪೂರ್ತಿ. ತುಂಬಿ ತಂದವರಿಗೆ ಮೇಲೆ ಸ್ವಲ್ಪ ಭಕ್ಷೀಸು. ಐದು ದಿನದೊಳಗೆ ಲೋಡು ಸಿಗದಿದ್ರೆ ಕಾಯೋ ಹಾಗೇ ಇಲ್ಲ, ಹೊರಟುಬರಬೇಕು. ಈಗ ಅಲ್ಲಿರೋರಿಗೂ ಇದೇ ಲೆಕ್ಕ. ನಾನೇ ಎರಡು ಸಲ ಓದಿದೆ. ಆಫೀಸಿನ ಅಂಗಳದಲ್ಲೇ ನಾವೆಲ್ಲ ಕೇಕೆ ಹಾಕಿ ಕುಣಿದ್ವಿ, ಗುಮಾಸ್ತ ಕಿಟಕಿ ಹಾಕ್ಕೊಂಡ. ಈ ಹೊಟ್ಟೆ ಇಟ್ಕೊಂಡು ನಾನೂ ಕುಣಿದೆ. ಅಷ್ಟು ಖುಷಿಯಾಗಿತ್ತು ಕಣ್ರೀ. ಸಾಹುಕಾರರು ಬರೆದ ಚೀಟಿ ಅಂಬಾಕಿಸ್ಯೆ ಹತ್ರ ಇದೆ, ನನ್ನ ಮಾತು ನಂಬದಿದ್ರೆ ಅದನ್ನಾದ್ರೂ ಓದಿ.

ನಿಮ್ಮ ಅಣ್ಣ ಅತ್ತಿಗೆ ಕೇಳಿದ್ರು ಅಂತ ಹೇಳೋಕೆ ಹೇಳಿದ್ದಾರೆ. ಬೀಬಿ ತುಪೋಕಿ ನಿಮಗೆ ಆಶೀರ್ವಾದ ಕಳಿಸಿದ್ದಾರೆ, ಜೊತೆಗೆ "ಆ ದಡ್ಡನಿಗೆ ಹೇಳು, ಗೇಟು ಕಾಯೋಕೆ ನಾಯಿ ಇದೆ" ಅಂತಲೂ ಅಂದಿದ್ದಾರೆ. ದಾರಿಯಲ್ಲಿ ದೇವರು ನಿಮ್ಮ ಜೊತೆಗಿರಲಿ.

ಜಗಳಗಂಟಿಯಾದರೂ ನಿಮ್ಮವಳೇ,
ಅಟುಪೆಲೆ

ತಾ.ಕ.: ಅಂಬಾಕಿಸ್ಯೆ ಇಂಜಿನ್ ಶುರು ಮಾಡಿ ಕೂಗ್ತಿದ್ದಾನೆ, ಬೇಗ ಬರೀತೀನಿ. ಇವತ್ತು ಬೆಳಗ್ಗೆ ಸೂಲಗಿತ್ತಿ ಬಂದು ಹೊಟ್ಟೆ ಮೇಲೆ ಕೊಳವೆ ಇಟ್ಟು ಈ ಕಡೆ ಕೇಳಿದಳು, ಆ ಕಡೆ ಕೇಳಿದಳು, ಮತ್ತೆ ಈ ಕಡೆ ಕೇಳಿದಳು. ಎರಡಿವೆಯಂತೆ ರೀ. ಎರಡು! ಅವಳಿ ಬೇಗ ಬರ್ತವೆ, ಹತ್ತು ದಿನ ಸಿಕ್ಕಿದ್ರೆ ಹೆಚ್ಚು ಅಂದಳು. ಒಂದನ್ನ ನಾನು ಎತ್ತಿಕೊಂಡ್ರೆ ಇನ್ನೊಂದಕ್ಕೆ ಕೈ ಬೇಕು, ನಿಮ್ಮದೇ ಬೇಕು. ತಾಮ್ರ ಅಲ್ಲೇ ಇರಲಿ. ಖಾಲಿ ಬನ್ನಿ. ಬಂಕಿನ ತಿರುವಲ್ಲಿ ಧೈರ್ಯವಾಗಿ ಎರಡು ಸಲ ಉದ್ದಕ್ಕೆ ಬಾರಿಸಿ, ನಾನು ಕೋಳಿ ಕುಯ್ತೀನಿ.