ಗುರುವಾರದ ತನಕ

೫ ನವೆಂಬರ್ ೧೯೫೬, ಸೋಮವಾರ. ಬೆಳಿಗ್ಗೆ

ಎರಡು ಗಂಟೆ ವೀಣೆ. ಚಳಿಗೆ ತಂತಿ ಒಂದು ಕಡೆ ನಿಲ್ಲುವುದಿಲ್ಲ, ಬಿರಡೆ ತಿರುಗಿಸೀ ತಿರುಗಿಸೀ ಸಾಕಾಯಿತು. ಎದುರು ಸೈಟಿನಲ್ಲಿ ಮನೆ ಕಟ್ಟುವವರು ಏಳಕ್ಕೆಲ್ಲ ಕಲ್ಲು ಒಡೆಯಲು ಶುರು. ತಾಳಕ್ಕಾದರೂ ಒಡೆದರೆ ಬೇಡ ಅನ್ನುತ್ತೇನೆಯೇ? ರಾಜಾಜಿನಗರದಲ್ಲಿ ಮನೆಗಿಂತ ಜಲ್ಲಿ ಜಾಸ್ತಿ.

ನಾದಶ್ರೀ ವಾದ್ಯವೃಂದದಿಂದ ಕಾಗದ ಬಂತು. ಆಡಿಷನ್ ೨೯ನೇ ತಾರೀಕು ಗುರುವಾರ, ಚಾಮರಾಜಪೇಟೆಯಲ್ಲಿ. ಹದಿನಾಲ್ಕು ಜನರ ವೃಂದ, ವೀಣೆಗೆ ಒಂದೇ ಜಾಗ. ಜನವರಿಯಲ್ಲಿ ಉತ್ತರದ ಕಡೆ ಟೂರು. ವಯಸ್ಸು ಇಪ್ಪತ್ತೈದರ ಒಳಗಿರಬೇಕು. ನನಗೆ ಫೆಬ್ರವರಿಗೆ ಇಪ್ಪತ್ತೈದು.

ಅಪ್ಪ ಕಾಗದ ಓದಿ, “ಇಪ್ಪತ್ತೈದಾದರೆ ವೃಂದಕ್ಕೂ ಬೇಡ, ವರನಿಗೂ ಬೇಡ” ಎಂದರು. ನಗುತ್ತಲೇ ಅಂದರು. ನಾನು ನಗಲಿಲ್ಲ. ಇದು ತಪ್ಪಿದರೆ ತುಮಕೂರಿನವರಿಗೆ ಹೂಂ ಅನ್ನಬೇಕು. ಅವರ ಮನೆಯಲ್ಲಿ ಸೊಸೆ ವೀಣೆ ಬಾರಿಸುವುದು ನವರಾತ್ರಿಗೆ ಮಾತ್ರವಂತೆ.

೧೧ ನವೆಂಬರ್, ಭಾನುವಾರ. ಸಂಜೆ

ಕೆಂಗೇರಿಗೆ ಪಾಠಕ್ಕೆ ಹೋಗಿ ಬಂದೆ. ದೊಡ್ಡಪ್ಪನಿಗೆ ಉಬ್ಬಸ ಜಾಸ್ತಿ. ಮೂರು ದಿಂಬು ಇಟ್ಟುಕೊಂಡು ಕೂತೇ ಇರುತ್ತಾರೆ, ಮಲಗಿದರೆ ಉಸಿರು ಸಿಗುವುದಿಲ್ಲ. ಆದರೂ ತಪ್ಪು ಹಿಡಿಯುವ ಕಿವಿ ಮಾತ್ರ ಮುಕ್ಕಾಗಿಲ್ಲ.

ಸಾವೇರಿ ನುಡಿಸಿದೆ. ಕಂಬಳಿಯ ಮೇಲೆ ಬೆರಳಲ್ಲೇ ತಾಳ ಹಾಕುತ್ತಿದ್ದರು. ನಡುವೆ ನಿಲ್ಲಿಸಿದರು.

“ಎಲ್ಲಿಗೆ ಹೋಗ್ಬೇಕಿತ್ತು?”

“ಎಲ್ಲಿಗೂ ಇಲ್ವಲ್ಲ ದೊಡ್ಡಪ್ಪ.”

“ಮತ್ಯಾಕೆ ಎಡಗೈ ಓಡುತ್ತೆ? ಮುಂದಿನ ಸ್ವರ ಕಾದಿರುತ್ತೆ ಕಣೇ, ಪಂಕಜಾ. ಹಿಂದಿನದನ್ನ ಸರಿಯಾಗಿ ಬಿಟ್ಟು ಬಾ.”

ಸಿಟ್ಟು ಬಂತು. ಹನ್ನೊಂದು ವರ್ಷದಿಂದ ಇದೇ ಮಾತು. ಏಳು ಸಲ ನುಡಿಸಿದೆ. ಏಳನೇ ಸಲ ನಡುವೆ ನಿಲ್ಲಿಸಲಿಲ್ಲ, ಕಣ್ಣು ಮುಚ್ಚಿಕೊಂಡೇ ಇದ್ದರು. ದೊಡ್ಡಪ್ಪ ಹೊಗಳುವುದು ಅಂದರೆ ಇಷ್ಟೇ.

ಹೊರಡುವಾಗ, “ಮುಂದಿನ ಭಾನುವಾರ ತಾನ ಕೇಳ್ತೀನಿ, ಬಾ” ಎಂದರು. ದೊಡ್ಡಮ್ಮ ಬಸ್ಸಿನ ತನಕ ಬಂದಳು. ಡಾಕ್ಟರು ಏನಂದರು ಎಂದು ಕೇಳಿದೆ. “ಏನಂತಾರೆ” ಎಂದಳು, ಅಷ್ಟೇ.

೧೮ ನವೆಂಬರ್, ಭಾನುವಾರ

ಹೋಗಲಿಲ್ಲ. ಹೋಗಿ ಬರುವುದರಲ್ಲಿ ಒಂದು ದಿನವೇ ಮುಗಿಯುತ್ತದೆ. ತಾನ ಇನ್ನೂ ತೊದಲುತ್ತಿದೆ, ಇದನ್ನು ಅವರ ಮುಂದೆ ನುಡಿಸಿ ಬೈಸಿಕೊಳ್ಳಲು ಮನಸ್ಸಿಲ್ಲ. ಅಪ್ಪ ಒಬ್ಬರೇ ಹೋಗಿ ಬಂದರು. “ಅಣ್ಣ ಕೇಳ್ತಿದ್ದ ನಿನ್ನ” ಎಂದರು.

೨೫ ನವೆಂಬರ್, ಭಾನುವಾರ

ಇವತ್ತೂ ಹೋಗಲಿಲ್ಲ. ಇನ್ನು ನಾಲ್ಕೇ ದಿನ. ನಾಳೆಯಿಂದ ಸ್ಕೂಲಿಗೆ ರಜ ಬರೆದುಕೊಟ್ಟಿದ್ದೇನೆ. ಮಕ್ಕಳು ಮಗ್ಗಿ ಮರೆತರೆ ಮರೆಯಲಿ.

ಶುಕ್ರವಾರ ಹೋದರಾಯಿತು. ಒಳ್ಳೆ ಸುದ್ದಿ ಹಿಡಿದುಕೊಂಡೇ ಹೋಗಬಹುದು. ತಾನ ಈಗ ಕೂತಿದೆ. ಕೇಳಿದರೆ ಕಣ್ಣು ಮುಚ್ಚಿಕೊಳ್ಳುತ್ತಾರೆ, ಅಷ್ಟು ನಂಬಿಕೆ ಇದೆ.

೨೭ ನವೆಂಬರ್, ಮಂಗಳವಾರ. ಬೆಳಿಗ್ಗೆ ಎಂಟು

ಏಳಕ್ಕೆ ಕೆಂಚಪ್ಪ ಬಂದ. ಕೆಂಗೇರಿ ಮನೆಯ ಪಕ್ಕದ ತೋಟದವನು. ಬಂದರೆ ಹುರಳಿಕಾಯೋ ನಿಂಬೆಹಣ್ಣೋ ತರುತ್ತಾನೆ, ಕಾಫಿ ಕುಡಿಯದೆ ಹೋಗುವವನಲ್ಲ. ಇವತ್ತು ಗೇಟಿನಿಂದ ಆಚೆಯೇ ನಿಂತ. ಕೈ ಖಾಲಿ.

ನಾನು ವೀಣೆ ಮುಂದೆ ಕೂತಿದ್ದೆ. ಕಿಟಕಿ ತೆಗೆದಿತ್ತು. ಅಪ್ಪ ಹೊರಗೆ ಹೋದರು. ಕೆಂಚಪ್ಪನ ದನಿ— “ಮಗೀಗೆ ಗುರುವಾರದ ಗಂಟ ಯೋಳ್ಬೇಡಿ ಅಂತ ಅವರೇ ಅಂದಿದ್ರು ಸ್ವಾಮಿ. ನೆನ್ನೆ ಸಂಜೆ—”

ತಂತಿ ಮೀಟಿದೆ. ಜೋರಾಗಿ. ನಾಲ್ಕೂ ತಂತಿ ಒಟ್ಟಿಗೆ. ಮುಂದಿನ ಮಾತು ಕೇಳಿಸಲಿಲ್ಲ. ಕೇಳಿಸದಿರಲಿ ಎಂದೇ ಮೀಟಿದೆ.

ಕೆಂಚಪ್ಪ ಹೋದ. ಬರ್ತೀನಿ ಅನ್ನಲಿಲ್ಲ. ಅಪ್ಪ ನೆಟ್ಟಗೆ ಬಚ್ಚಲಿಗೆ ಹೋಗಿ ಉಟ್ಟ ಬಟ್ಟೆಯಲ್ಲೇ ನೀರು ಸುರಿದುಕೊಂಡರು. ಆಮೇಲೆ ಹಿತ್ತಿಲಿನಿಂದಲೇ ಕೂಗಿ, “ಮದ್ದೂರಿಗೆ ಆಫೀಸ್ ಕ್ಯಾಂಪು ಕಣಮ್ಮ, ಅರ್ಜೆಂಟು. ಗುರುವಾರ ಬರ್ತೀನಿ” ಎಂದರು. ತಿಂಡಿ ತಿನ್ನಲಿಲ್ಲ. ಫೈಲೂ ಒಯ್ಯಲಿಲ್ಲ. ಇಪ್ಪತ್ತು ವರ್ಷದಲ್ಲಿ ಫೈಲಿಲ್ಲದೆ ಕ್ಯಾಂಪಿಗೆ ಹೋದದ್ದು ಇದೇ ಮೊದಲು.

ಅದೇ ದಿನ, ಮಧ್ಯಾಹ್ನ

ಅಡಿಗೆಮನೆಗೆ ಹೋದರೆ ಅಮ್ಮ ಇಲ್ಲ. ಹಿಂದಿನ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಗೋಡೆ ಕಡೆ ತಿರುಗಿ ಕೂತಿದ್ದಾಳೆ.

“ಹತ್ರ ಬರ್ಬೇಡ. ಹೊರಗಾಗಿದೀನಿ. ಅನ್ನ ನೀನೇ ಮಾಡ್ಕೊ. ದೇವರ ದೀಪಾನೂ ನೀನೇ ಹಚ್ಚು.”

ಹನ್ನೆರಡು ದಿನದ ಹಿಂದೆ ತಾನೇ ಹೊರಗಾಗಿದ್ದಳು. ಆಗಲೂ ಅಡಿಗೆ ನನ್ನದೇ, ಸಾರಿಗೆ ಉಪ್ಪು ಮರೆತು ಬೈಸಿಕೊಂಡಿದ್ದೆ. ಅವಳಿಗೆ ಅದು ನೆನಪಿಲ್ಲದೆ ಏನು? ನನಗೆ ನೆನಪಿದೆ ಎಂದೂ ಗೊತ್ತು. ಬೇರೆ ಸುಳ್ಳು ತೋಚಿರಲಿಕ್ಕಿಲ್ಲ. ಅವಳ ಸೂತಕ ನನಗೆ ತಾಗಬಾರದು, ಅಷ್ಟೇ.

ಬರೆಯಬಾರದ ಪದ ಬರೆದುಬಿಟ್ಟೆ.

ಸೂತಕ ಕಿವಿಗೆ ಬಿದ್ದ ಗಳಿಗೆಯಿಂದ. ಸೋದರಮಾವನ ಮದುವೆಯಲ್ಲಿ ಅಜ್ಜ ಟೆಲಿಗ್ರಾಂ ಒಡೆಯದೆ ಜೇಬಿನಲ್ಲಿಟ್ಟುಕೊಂಡು ಧಾರೆ ಮುಗಿಸಿದರಂತೆ, ಎಲ್ಲರಿಗೂ ಊಟ ಹಾಕಿಸಿ ಆಮೇಲೆ ಓದಿದರಂತೆ. ಆ ಕಥೆಯನ್ನು ನಮ್ಮ ಮನೆಯಲ್ಲಿ ನಗುತ್ತಾ ಹೇಳುತ್ತಾರೆ. ಗೊತ್ತಾದರೆ ಹತ್ತು ದಿನ ವೀಣೆ ಮುಟ್ಟುವ ಹಾಗಿಲ್ಲ. ಗೊತ್ತಿಲ್ಲದಿದ್ದರೆ ಮುಟ್ಟಬಹುದು.

ನಾನು ಕೇಳಿದರೆ ಅಮ್ಮ ಹೇಳಿಬಿಡುತ್ತಾಳೆ. ಸುಳ್ಳನ್ನು ಎರಡನೇ ಸಲ ಹೇಳುವ ಶಕ್ತಿ ಅವಳಿಗಿಲ್ಲ. ಒಂದೇ ಮಾತು ಕೇಳಬೇಕು. ದೊಡ್ಡಪ್ಪ ಹೇಗಿದ್ದಾರೆ?

ಕೇಳಲಿಲ್ಲ. ಅನ್ನಕ್ಕಿಟ್ಟೆ. ದೀಪ ಹಚ್ಚಿದೆ. ದೇವರ ಮುಂದೂ ಗೊತ್ತಿಲ್ಲದವಳ ಹಾಗೆಯೇ ನಿಂತೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತಂತೆ.

೨೮ ನವೆಂಬರ್, ಬುಧವಾರ

ನಾಲ್ಕು ಗಂಟೆ ನುಡಿಸಿದೆ. ಎಡಗೈ ಓಡಲಿಲ್ಲ.

ಅಮ್ಮನ ಕಣ್ಣು ಕೆಂಪಗೆ ಊದಿದೆ. ಎಲೆಗೆ ದೂರದಿಂದ ಅನ್ನ ಹಾಕುವಾಗ ನೋಡಿದೆ. “ಹೊಗೆ” ಎಂದಳು. ಒಲೆ ಮುಂದೆ ಇರುವವಳು ನಾನು. ಹೂಂ ಎಂದೆ.

ಪಕ್ಕದ ಮನೆ ಯಶೋದಮ್ಮ ನಾಳೆ ನನ್ನ ಜೊತೆ ಚಾಮರಾಜಪೇಟೆಗೆ ಬರುತ್ತಾರಂತೆ. ಬೇಲಿ ಆಚೆಯಿಂದಲೇ ಅಮ್ಮನ ಜೊತೆ ಪಿಸುಮಾತು. ನನ್ನನ್ನು ನೋಡಿದ ಕೂಡಲೇ ದೊಡ್ಡ ದನಿಯಲ್ಲಿ ತೊಗರಿಕಾಯಿ ಸೀಸನ್ನು ಬಂತಲ್ಲ ಎಂದು ಶುರು ಮಾಡಿದರು. ಅಂದರೆ ಬೀದಿಗೆಲ್ಲ ಗೊತ್ತು. ನನಗೊಬ್ಬಳಿಗೆ ಗೊತ್ತಿಲ್ಲ.

ದೊಡ್ಡಮ್ಮ ಅಲ್ಲಿ ಒಬ್ಬಳೇ. ಮಕ್ಕಳಿಲ್ಲ ಅವರಿಗೆ, ನಾನೇ ಮಗಳ ಹಾಗೆ. ಇಷ್ಟು ಹೊತ್ತಿಗೆ ಎಲ್ಲಾ ಮುಗಿದಿರುತ್ತದೆ. ಒಯ್ಯುವಾಗ ನಾನಿರಲಿಲ್ಲ. ಎರಡು ಭಾನುವಾರವೂ ಇರಲಿಲ್ಲ. ಅಳು ಬಂತು. ಅತ್ತರೆ ಗೊತ್ತು ಅಂದ ಹಾಗಾಗುತ್ತದೆ. ಸೆರಗು ಬಾಯಿಗಿಟ್ಟುಕೊಂಡು ಶ್ರುತಿ ಮಾಡಿದೆ.

೨೯ ನವೆಂಬರ್, ಗುರುವಾರ. ಬೆಳಿಗ್ಗೆ

ಜಟಕಾ ಬಂತು. ಅಮ್ಮನಿಗೆ ದೂರದಿಂದ ನಮಸ್ಕಾರ ಮಾಡಿದೆ. ಅವಳು ತಲೆ ಮುಟ್ಟಲಿಲ್ಲ. ಕೈ ಅರ್ಧ ಬಂತು, ಹಿಂದಕ್ಕೆ ಹೋಯಿತು. “ಚೆನ್ನಾಗಿ ಬಾರಿಸು. ಅವರು—” ಎಂದು ನಿಲ್ಲಿಸಿದಳು. ನಾನು ಬೇಗ ಬೇಗ ಚಪ್ಪಲಿ ಮೆಟ್ಟಿಕೊಂಡೆ.

ಅದೇ ದಿನ, ಸಂಜೆ ಐದು

ಸಿಕ್ಕಿತು.

ಕಾಗದ ಆಮೇಲೆ ಕಳಿಸುತ್ತಾರೆ, ಆದರೆ ಅಲ್ಲೇ ಹೇಳಿದರು. ವೀಣೆಗೆ ಆರು ಜನ ಬಂದಿದ್ದರು. ನನ್ನದು ಕೊನೆ. ಜಮಖಾನದ ಮೇಲೆ ಮೂವರು ಕೂತಿದ್ದರು. ನಡುವಿನವರು ವಯಸ್ಸಾದವರು, ಕೋಟು, ಜರಿ ಪೇಟ. ಸಾವೇರಿ ಕೇಳಿದರು, ನುಡಿಸಿದೆ. ತಾನಕ್ಕೆ ಬಂದಾಗ ಇಡೀ ಹಾಲಿನಲ್ಲಿ ಯಾರೂ ಕೆಮ್ಮಲಿಲ್ಲ. ಅಷ್ಟು ಚೆನ್ನಾಗಿ ಯಾವತ್ತೂ ನುಡಿಸಿಲ್ಲ, ಇದನ್ನು ಜಂಬಕ್ಕೆ ಬರೆಯುತ್ತಿಲ್ಲ. ನುಡಿಸುವಷ್ಟು ಹೊತ್ತೂ ದೊಡ್ಡಪ್ಪ ಹತ್ತಿರದಲ್ಲೇ ಇದ್ದರು ಅನಿಸಿತು. ಕೈ ನಿಂತ ಮೇಲೆ ಇರಲಿಲ್ಲ.

ಪೇಟದವರು ಕೇಳಿದರು. “ಯಾರ ಹತ್ರ ಪಾಠ ಆಗಿದ್ದು?”

“ಕೆಂಗೇರಿ ಪದ್ಮನಾಭಯ್ಯನವರ ಹತ್ರ ಸಾರ್. ನಮ್ಮ ದೊಡ್ಡಪ್ಪ.”

“ಓ! ಪದ್ಮನಾಭಯ್ಯ! ನಾನು ಹುಡುಗ ಇದ್ದಾಗ ಕೇಳಿದ್ದೆ. ಇದಾರಾ ಇನ್ನೂ?”

ಬಾಗಿಲಲ್ಲಿ ಯಶೋದಮ್ಮ ತಲೆ ತಗ್ಗಿಸಿದರು.

“ಇದಾರೆ ಸಾರ್” ಎಂದೆ.

“ಮೊದಲನೇ ಕಚೇರಿಗೆ ಕರ್ಕೊಂಡು ಬಾಮ್ಮ. ಮುಂದೆ ಕೂರಿಸೋಣ.”

“ಆಗಲಿ ಸಾರ್.”

ಎಷ್ಟು ಸಲೀಸಾಗಿ ಬಂತು ಬಾಯಿಗೆ. ಕೇಳದೆ ಇದ್ದದ್ದು ಬೇರೆ, ಇದು ಬೇರೆ. ಜಟಕಾದಲ್ಲಿ ಯಶೋದಮ್ಮ ನನ್ನ ಕೈ ಹಿಡಿದುಕೊಂಡೇ ಇದ್ದರು. ಯಾಕೆ ಎಂದು ನಾನು ಕೇಳಲಿಲ್ಲ. ಅವರಿಗೂ ಗೊತ್ತಾಯಿತು ನನಗೆ ಗೊತ್ತೆಂದು.

ಅಪ್ಪ ಬಂದಿದ್ದಾರೆ. ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ಕೂತಿದ್ದಾರೆ, ಒಳಗೆ ಕಾಲಿಟ್ಟಿಲ್ಲ. ತಲೆಗೆ ಟವಲು ಸುತ್ತಿದ್ದಾರೆ. ಮೀಸೆ ಇಲ್ಲ.

“ಸಿಕ್ತೇನಮ್ಮ?”

“ಸಿಕ್ತು.”

ಮುಖ ಅರಳಿತು, ಆಮೇಲೆ ಕುಸಿಯಿತು. ಎರಡು ದಿನ ಈ ಮಾತಿಗೇ ತಡೆದುಕೊಂಡಿದ್ದರು. “ಬಾ, ಕೂತ್ಕೊ. ಒಂದು ವಿಷಯ ಹೇಳೋದಿದೆ.”

“ಸೀರೆ ಬದಲಾಯಿಸ್ಕೊಂಡು ಬರ್ತೀನಿ ಅಪ್ಪ.”

ಸೀರೆ ಬದಲಾಯಿಸಿಲ್ಲ. ಬರೆಯುತ್ತಾ ಕೂತಿದ್ದೇನೆ. ಈಗ ಹೋಗಿ ಕೇಳಬೇಕು. ಕೇಳಿ ಅಳಬೇಕು, ಈಗ ತಾನೇ ಗೊತ್ತಾದವಳ ಹಾಗೆ. ಇಷ್ಟು ದಿನ ಏನೇನೋ ಅಭ್ಯಾಸ ಮಾಡಿದೆ, ಇದನ್ನು ಮಾಡಲಿಲ್ಲ. ಅತ್ತರೆ ಅಪ್ಪನ ಮುಂದೆ ಅದೂ ನಾಟಕ. ಅಳದಿದ್ದರೆ ಅವರಿಗೆ ಎಲ್ಲಾ ತಿಳಿಯುತ್ತದೆ.

ಅಮ್ಮ ಕರೆಯುತ್ತಿದ್ದಾಳೆ. ಎರಡನೇ ಸಲ.

ಎದ್ದು ಹೋದರೆ ದೊಡ್ಡಪ್ಪ ಸತ್ತುಹೋಗುತ್ತಾರೆ. ಇಲ್ಲಿ ಕೂತಿರುವ ತನಕ—