ಮಗ್ಗುಲು

ನನ್ನ ಅಕ್ಷರ ಕಂಡರೆ ಲಕೋಟೆ ಬಿಚ್ಚದೆಯೇ ಹರಿದು ಹಾಕುತ್ತೀಯ. ಅಂಚೆಯವನಿಗೇಕೆ ತೊಂದರೆ, ಇದು ನನ್ನ ಮೇಜಿನ ಖಾನೆಯಲ್ಲೇ ಇರಲಿ.

ಇವತ್ತು ನಾಲ್ಕು ವರ್ಷದ ಹುಡುಗಿಯೊಬ್ಬಳ ಹೊಟ್ಟೆ ಕೊಯ್ದೆ. ಮಡಕೆಯಂತೆ ಊದಿತ್ತು. ಹೊಟ್ಟೆಯಲ್ಲಿ ನೀರು ತುಂಬಿದೆಯೆಂದು ಕಿರಿಯ ಡಾಕ್ಟರೊಬ್ಬ ಸೂಜಿ ಚುಚ್ಚಿ ಬಸಿಯಲು ಹೊರಟಿದ್ದ. ನಾನು ಮಗುವನ್ನು ಮಗ್ಗುಲಿಗೆ ಹೊರಳಿಸಿದೆ. ಬರಿಯ ನೀರಾಗಿದ್ದರೆ ಕೆಳಗಿನ ಪಕ್ಕಕ್ಕೆ ಇಳಿಯಬೇಕಿತ್ತು. ಉಬ್ಬು ಇದ್ದಲ್ಲೇ ಇತ್ತು. ಒಳಗಿದ್ದದ್ದು ನೀರು ತುಂಬಿದ ಚೀಲದಂಥ ಗಂಟು. ಒಡೆಯದೆ ಇಡಿಯಾಗಿ ತೆಗೆದೆ. ಮಗು ಆಗಲೇ ಬಿಸ್ಕತ್ತು ಕೇಳುತ್ತಿದೆ.

ನಮ್ಮ ಮಗಳಿಗೂ ಇದೇ ಇತ್ತು. "ಮಗ್ಗುಲಾದ್ರೂ ಇವಳ ಹೊಟ್ಟೆ ಜಾರಲ್ಲ, ನೋಡಿ" ಎಂದು ಅವಳನ್ನು ಮಲಗಿಸುತ್ತಾ ನೀನು ಹೇಳಿದ್ದೆ. "ಡಾಕ್ಟರಿಕೆ ಓದಿದ್ದು ನಾನಾ, ನೀನಾ?" ಎಂದು ನಕ್ಕಿದ್ದೆ. ಮೂರು ಸಲ ಬಸಿದೆ. ಮೂರನೆಯ ಸಲ ಒಳಗೆ ಕೀವು ಕಟ್ಟಿತು. ಅವಳನ್ನು ಮಣ್ಣು ಮಾಡಿ ಬಂದ ದಿನ, "ತಾಯಿಯಾದವಳು ಇನ್ನೂ ಜೋರಾಗಿ ಹೇಳ್ಬೇಕಿತ್ತು" ಎಂದವನೂ ನಾನೇ.

ಇವತ್ತು ವಿದ್ಯಾರ್ಥಿಗಳು ಮಂಚದ ಸುತ್ತ ನಿಂತಿದ್ದರು. "ಹೀಗೆ ಹೊರಳಿಸಿ ನೋಡೋದನ್ನ ಎಲ್ಲಿ ಕಲಿತ್ರಿ ಸರ್?" ಎಂದು ಒಬ್ಬಳು ಕೇಳಿದಳು.

"ಕೈ ಪಳಗಬೇಕಮ್ಮ" ಎಂದೆ.

ಎಲ್ಲರೂ ಬರೆದುಕೊಂಡರು.